ಯಾವ ಮಳೆಯ ನೀರು

ಬಂಡೆಗೆ ವಯಸ್ಸು ಕೇಳಬಾರದು ಅನ್ನುತ್ತಿದ್ದ ಅಪ್ಪ,
ಕೇಳಿದರೆ ಸಿಪ್ಪೆ ಬಿಡುತ್ತದಂತೆ.
ಬಿಡುತ್ತಿತ್ತು ನಿಜಕ್ಕೂ. ಹಗಲು ಕಾದು, ರಾತ್ರಿ ಆರಿ,
ಈರುಳ್ಳಿಯ ಹಾಗೆ ಪದರ ಪದರ,
ಚೌಡಂಡಹಳ್ಳಿ ಗುಡ್ಡದ ಮೇಲಿನ ಆನೆಗಾತ್ರದ ಗುಂಡು.
ಉದುರಿದ್ದು ಮರಳು, ನುರಿದದ್ದು ಕೆಮ್ಮಣ್ಣು,
ಕೆಮ್ಮಣ್ಣು ಇಳಿಜಾರು ಹಿಡಿದು ಬಂದು
ಕೆರೆಯ ಹೊಟ್ಟೆಯಲ್ಲಿ ಕೂತರೆ ಗೋಡು.

ಅಪ್ಪ ನೀರುಗಂಟಿ ಯರ್ರಪ್ಪ.
ತೂಬಿನ ಕಲ್ಲಿಗೆ ಎಷ್ಟು ಗೇಣು ನೀರು ನಿಂತರೆ
ಯಾವ ಬಯಲಿಗೆ ಎಷ್ಟು ಹೊತ್ತು
ಎಲ್ಲ ಬಾಯಲೆಕ್ಕ.
ಜಗಳವಾಡಿದವರ ಗದ್ದೆಗೂ ಅಷ್ಟೇ ನೀರು,
ಅವನಿಗೆ ಹೆಣ್ಣು ಕೊಟ್ಟವರ ಗದ್ದೆಗೂ ಅಷ್ಟೇ.

ನಾನು ಹುಟ್ಟುವ ಹೊತ್ತಿಗೆ
ಕೋಡಿ ಹರಿದ ವರ್ಷ ಕಥೆಯಾಗಿತ್ತು.
ನೀಲಗಿರಿ ಗುಡ್ಡ ಹತ್ತಿತ್ತು,
ಟೊಮೇಟೊ ರಾಜಕಾಲುವೆಯೊಳಕ್ಕೆ ಇಳಿದಿತ್ತು.
ಇಟ್ಟಿಗೆ ಗೂಡಿನವರು ಲಾರಿ ತಂದರು, ಗೋಡು ತುಂಬಿದರು.
ಬಂಡೆ ಸಾವಿರಾರು ವರ್ಷ ಕೂತು ಅರೆದದ್ದು
ಒಂದೇ ಬೇಸಿಗೆಯಲ್ಲಿ ಗೋಡೆಯಾಯಿತು,
ಹೊಸಕೋಟೆಯ ಆಚೆ, ಯಾರದೋ ನಾಲ್ಕನೇ ಮಹಡಿ.

ಆಮೇಲೆ ಕೊಳವೆಬಾವಿ.
ನೂರೈವತ್ತು ಅಡಿ. ನಾನ್ನೂರು.
ನಾನು ಹತ್ತನೇ ಕ್ಲಾಸಿಗೆ ಬಂದಾಗ ಸಾವಿರದ ಮುನ್ನೂರು.
ರಿಗ್ ಲಾರಿ ರಾತ್ರಿಯಿಡೀ ಗುಡುಗಿ
ಬೆಳಗ್ಗೆ ಬೂದಿಬಣ್ಣದ ಹಿಟ್ಟು ಉಗುಳಿತು.
ಅಪ್ಪ ಒಂದು ಚಿಟಿಕೆ ತೆಗೆದು ಮೂಸಿದ.
"ಇದು ಬಿಸಿಲು ಕಂಡಿದ್ದೇ ಇಲ್ಲ ಕಣಮ್ಮ," ಅಂದ,
ಕೂಸನ್ನು ಮುಚ್ಚುವ ಹಾಗೆ ಅಂಗೈ ಮುಚ್ಚಿದ.
ಆ ಕತ್ತಲಿನ ನೀರು ತನ್ನ ಜೊತೆಗೆ
ಕಲ್ಲಿನ ಫ್ಲೋರೈಡನ್ನೂ ಮೇಲೆ ತಂದು
ನಮ್ಮ ಹಲ್ಲುಗಳ ಮೇಲೆ ಕಂದು ಗೀಟು ಎಳೆಯಿತು.
ಶಾಲೆಯ ಗುಂಪು ಫೋಟೋ ಇನ್ನೂ ಇದೆ.
ನಲವತ್ತೆರಡು ಮಕ್ಕಳು, ಎಲ್ಲರದೂ ಬಾಯಿ ಮುಚ್ಚಿದೆ.

ಈಗ ನಾನು ನೀರಿಗೆ ಬಾಟಲಿ ಹಿಡಿಯುವವಳು.
ಕೋಲಾರದ ಲ್ಯಾಬಿನಲ್ಲಿ ಗುತ್ತಿಗೆ ಕೆಲಸ,
ಸ್ಕೂಟಿ, ಐಸ್ ಡಬ್ಬಿ, ಅಂಟುಚೀಟಿ, ಮಾರ್ಕರ್ ಪೆನ್ನು.
ಪೈಪಿನಲ್ಲಿ ಬೆಂಗಳೂರು ನಮ್ಮೂರಿಗೆ ಬಂದ ದಿನ
ದಡದಲ್ಲಿ ನಾನೂ ಇದ್ದೆ.
ಎರಡು ಸಲ ಶುದ್ಧಿ ಮಾಡಿ ಕಳಿಸಿದ್ದಾರೆ ಅಂದರು.
ಕಾಯಿ ಒಡೆದರು, ಅರಿಶಿನ ಬಿಟ್ಟರು, ಗಂಗಮ್ಮ ಅಂದರು.
ಪಿಳ್ಳಮ್ಮತ್ತೆ ಬೊಗಸೆ ಎತ್ತಿ ಮೂಸಿದಳು:
"ಯಾರೋ ತಲೆ ತೊಳ್ಕೊಂಡವ್ರೆ."
ಮೊದಲು ಯಾರೂ ನಗಲಿಲ್ಲ.
ಆಮೇಲೆ ನಕ್ಕದ್ದು ನಿಲ್ಲಲಿಲ್ಲ.

ಮುಳುಗಿದ ಜಾಲಿಮರದ ನೆತ್ತಿಗೆ ನೀರುಕಾಗೆ ಬಂತು,
ರೆಕ್ಕೆ ಬಿಚ್ಚಿ ಒಣಗಿಸುತ್ತ ಕೂತಿತು, ತನ್ನದೇ ಊರೆಂಬಂತೆ.
ಸತ್ತಿದ್ದ ಬಾವಿಯೊಂದು ತಳದಲ್ಲಿ ಕಣ್ಣು ಬಿಟ್ಟಿತು.
ತೂಬಿನ ಬಾಯಲ್ಲಿ ನೊರೆಯೂ ಬಂತು,
ಗಾಳಿಗೆ ಹಾರಿ ರಾಗಿ ಪೈರಿನ ಮೇಲೆ ಕೂತಿತು.
ಎರಡನ್ನೂ ನಾನೇ ಬರೆದುಕೊಂಡೆ, ಒಂದೇ ಪುಟದಲ್ಲಿ.

ಅಪ್ಪನಿಗೆ ಕಷ್ಟವಾದದ್ದು ವಾಸನೆಯಲ್ಲ.
ಈ ನೀರಿಗೆ ಮಘೆ ಹುಬ್ಬೆ ಇಲ್ಲ, ಚಿತ್ತೆ ಸ್ವಾತಿ ಇಲ್ಲ.
ಉರಿಬಿಸಿಲಲ್ಲಿ ಏರುತ್ತದೆ, ಮೋಡವಿದ್ದಾಗ ಇಳಿಯುತ್ತದೆ.
ಆರು ತಿಂಗಳು ತೂಬಿನ ಮೇಲೆ ಸುಮ್ಮನೆ ಕೂತ.
ಏಳನೇ ತಿಂಗಳು ನನ್ನ ಸ್ಕೂಟಿ ನಿಲ್ಲಿಸಿ ಕೇಳಿದ:
"ಬೆಂಗಳೂರಲ್ಲಿ ನೆನ್ನೆ ಹಬ್ಬವಿತ್ತಾ?"
ಇತ್ತು.
"ಅದಕ್ಕೇ ನೊರೆ ಜಾಸ್ತಿ."
ಹೊಸ ಪಂಚಾಂಗ ಶುರು ಮಾಡಿದ್ದಾನೆ ಮುದುಕ,
ಊರಿಗೆ ಊರೇ ಎಣ್ಣೆನೀರು ಹಾಕಿಕೊಂಡ ದಿನಗಳದ್ದು.

ನನ್ನ ನಮೂನೆಯಲ್ಲಿ ಒಂದು ಕಾಲಂ ಇದೆ.
ನೀರಿನ ಮೂಲ: ನೈಸರ್ಗಿಕ, ಮಾನವ ನಿರ್ಮಿತ.
ಯಾವುದಾದರೂ ಒಂದಕ್ಕೆ ಗುರುತು ಹಾಕಿ.
ಇದು ಎಲ್ಲೋ ಮಳೆಯಾಗಿತ್ತು, ನದಿಯಾಗಿತ್ತು,
ಬೆಟ್ಟ ಏರುವ ಪೈಪಾಗಿತ್ತು, ಯಾರದೋ ಸಾರಾಗಿತ್ತು,
ಕಟ್ಟೆ ನಮ್ಮ ಹಿರೀಕರದು, ಕಟ್ಟೆಯ ಕಲ್ಲು ಗುಡ್ಡದ್ದು.
ಅಪ್ಪ ಕೂತ ಮೇಲ್ಗಲ್ಲಿನ ನಡುವೆ ತಗ್ಗು ಬಿದ್ದಿದೆ,
ನುಣುಪಾಗಿ, ಒಂದು ಆಳು ಕೂರುವಷ್ಟು.
ಸವೆಸಿದ್ದು ಮಳೆಯೋ ಇವನೋ,
ಇವನಿಗಿಂತ ಮುಂಚೆ ಕೂತವರೋ?

ಪೆನ್ನಿನ ತುದಿ ಒಣಗುತ್ತದೆ.
ಬಾಟಲಿಯ ತಳಕ್ಕೆ ಆಗಲೇ ಕೂದಲೆಳೆಯಷ್ಟು ಕೆಂಪು ಇಳಿದಿದೆ.
"ಹೊರಡಮ್ಮ," ಅಂತಾನೆ ಅಪ್ಪ,
"ಐಸು ಕರಗ್ತದೆ."